ಡಬ್ಬಿ ತೆಗೆಯದಿದ್ದರೆ ನೋಟ್‌ಬುಕ್ಕಿನಲ್ಲಿ ಏನು ಬರೆಯಬೇಕು? ಆರನೇ ಕ್ಲಾಸಿನ ಹುಡುಗಿಯರು ಕೇಳಿದ ಪ್ರಶ್ನೆ

ಹಳ್ಳಿ ಶಾಲೆ ಟೀಚರ್, ಚಿತ್ತಾಪುರ ತಾಲೂಕು
ಜುಲೈ 4

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರು, ಏಳನೇ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ಹೋದ ವಾರ ನಡೆದ ಒಂದು ಸಂಗತಿ ತಲೆಯಿಂದ ಹೋಗುತ್ತಲೇ ಇಲ್ಲ. ಇಲ್ಲಿ ಶಿಕ್ಷಕರಿದ್ದೀರಿ, ತಂದೆ ತಾಯಿಯರಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಆರನೇ ತರಗತಿಗೆ ಐದು ಡಬ್ಬಿ ಒಯ್ದಿದ್ದೆ. ಸ್ವೀಟ್ ಅಂಗಡಿಯ ಸಣ್ಣ ರಟ್ಟಿನ ಡಬ್ಬಿಗಳು. ಒಳಗೆ ಒಂದೊಂದು ವಸ್ತು ಹಾಕಿ ಸುತ್ತಲೂ ಟೇಪ್ ಅಂಟಿಸಿದ್ದೆ. ಡಬ್ಬಿ ತೆರೆಯುವಂತಿಲ್ಲ. ಅಲ್ಲಾಡಿಸಬಹುದು, ಮೂಸಬಹುದು, ವಾಲಿಸಬಹುದು, ಅಯಸ್ಕಾಂತ ಹಿಡಿಯಬಹುದು. ಒಳಗೆ ಏನಿರಬಹುದು, ಹಾಗೆ ಅನಿಸಿದ್ದು ಯಾಕೆ ಎಂದು ಬರೆಯಬೇಕು. ವಿಜ್ಞಾನದ ಕೆಲಸ ಎಷ್ಟೋ ಸಲ ಹೀಗೇ ಇರುತ್ತದೆ. ಪರಮಾಣುವಿನ ನಡುವೆ ಪುಟ್ಟದೊಂದು ಗಟ್ಟಿ ಬೀಜ ಇದೆ ಎಂದು ರುದರ್‌ಫೋರ್ಡ್ 1911ರಲ್ಲಿ ಹೇಳಿದರು. ಅವರು ಪರಮಾಣುವನ್ನು ಬಿಚ್ಚಿ ನೋಡಿರಲಿಲ್ಲ. ಚಿನ್ನದ ತೆಳು ಹಾಳೆಗೆ ಹೊಡೆದ ಕಣಗಳಲ್ಲಿ ಕೆಲವು ಹಿಂದಕ್ಕೆ ಸಿಡಿದಿದ್ದವು. ಅದನ್ನು ಹಿಡಿದು ಲೆಕ್ಕ ಹಾಕಿದರು. ಮಕ್ಕಳಿಗೆ ಆ ರುಚಿ ಸಿಗಲಿ ಎಂಬುದು ನನ್ನ ಆಸೆ.

ಗುಂಪುಗಳಲ್ಲಿ ಹುಡುಗರು, ಹುಡುಗಿಯರು ಇಬ್ಬರೂ ಇದ್ದರು. ಎರಡೇ ನಿಮಿಷ. ಐದರಲ್ಲಿ ನಾಲ್ಕು ಗುಂಪಿನಲ್ಲಿ ಡಬ್ಬಿ ಹುಡುಗರ ಕೈಯಲ್ಲಿ, ಪೆನ್ಸಿಲ್ ಹುಡುಗಿಯರ ಕೈಯಲ್ಲಿ. ಹಾಗೆ ಮಾಡಿ ಎಂದು ನಾನು ಹೇಳಿರಲಿಲ್ಲ. ಹುಡುಗರು ಜೋರಾಗಿ ಅಲ್ಲಾಡಿಸಿ "ಗೋಲಿ ಅದ, ಗೋಲಿ!" ಎಂದು ಕೂಗಿದರು. ಯಾಕೆ ಎಂದರೆ ಉತ್ತರವಿಲ್ಲ. ಹುಡುಗಿಯರು ತಾರೀಖು ಹಾಕಿ, ಸ್ಕೇಲ್ ಇಟ್ಟು ಗೆರೆ ಎಳೆದು, ಹುಡುಗರು ಹೇಳಿದ್ದನ್ನು ದುಂಡಗೆ ಬರೆದರು.

ಕೊನೆಗೆ "ಈಗ ತೆಗೀರಿ ಟೀಚರ್" ಎಂದರು. ನಾನು ತೆಗೆಯುವುದಿಲ್ಲ ಎಂದೆ. ಹುಡುಗರು ಸ್ವಲ್ಪ ಗಲಾಟೆ ಮಾಡಿ ಸುಮ್ಮನಾದರು. ಹುಡುಗಿಯರಿಗೆ ಮಾತ್ರ ತಡೆಯಲಾಗಲಿಲ್ಲ. ಕ್ಲಾಸಿಗೆ ಮೊದಲು ಬರುವ ಹುಡುಗಿ ಎದ್ದು ಬಂದಳು. ಕಣ್ಣಲ್ಲಿ ನೀರು. "ತೆಗೀಲಿಲ್ಲಂದ್ರ ಸರಿ ಉತ್ತರ ಹೆಂಗ ಗೊತ್ತಾಗ್ತದ್ರಿ? ನೋಟ್‌ಬುಕ್ಕಿನಾಗ ಏನ್ ಬರೀಬೇಕ್ರಿ?" ಎಂದು ಕೇಳಿದಳು. ಅವಳ ಹಾಳೆ ನೋಡಿದೆ. ಬರೆದು, ರಬ್ಬರಿನಿಂದ ಅಳಿಸಿ, ಮತ್ತೆ ಬರೆದು, ಮತ್ತೆ ಅಳಿಸಿ ಕಾಗದ ಹರಿದಿತ್ತು.

ಆ ಹರಿದ ಹಾಳೆ ನೋಡಿ ನನ್ನ ಬಗ್ಗೆಯೇ ಯೋಚನೆ ಶುರುವಾಯಿತು. ಇಷ್ಟು ದಿನ ಅವಳಿಗೆ ನಾನೇ "ವೆರಿ ಗುಡ್" ಹಾಕುತ್ತಿದ್ದೇನೆ. ಹಾಕಿದ್ದು ಯಾವುದಕ್ಕೆ? ಚಂದದ ಅಕ್ಷರಕ್ಕೆ, ತಪ್ಪಿಲ್ಲದ ಉತ್ತರಕ್ಕೆ. ಒಂದೇ ಒಂದು ಸಲವೂ ಒಳ್ಳೆಯ ಊಹೆಗೆ ಹಾಕಿಲ್ಲ. ವಿಜ್ಞಾನ ಅಂದರೆ ಟೀಚರ್ ಹತ್ತಿರ ಮುಚ್ಚಿಟ್ಟಿರುವ ಸರಿ ಉತ್ತರ ಎಂದು ಅವಳು ತಿಳಿದಿದ್ದರೆ ಅದರಲ್ಲಿ ನನ್ನ ಪಾಲೂ ಇದೆ, ಅಲ್ವಾ? ನಿಮ್ಮ ಕಡೆ ಹೇಗಿದೆ, ಹೇಳಿ.

ನಿವೃತ್ತ ಮಾಸ್ತರ್, ಯಾದಗಿರಿ
ಜುಲೈ 4

ತಂಗೀ, ನಿಮ್ಮ ಕಾಳಜಿ ದೊಡ್ಡದು. ಆದರೆ ನನಗೊಂದು ಸಂಶಯ. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಪೇಪರಿನಲ್ಲಿ "ಹುಡುಗಿಯರೇ ಮೇಲುಗೈ" ಎಂದೇ ಬರುತ್ತದೆ. ನಮ್ಮ ಕಡೆಯ ಜಿಲ್ಲೆಗಳು ಪಟ್ಟಿಯ ಕೆಳಗೆ ಇದ್ದಾಗಲೂ ಹುಡುಗಿಯರು ಹುಡುಗರಿಗಿಂತ ಮುಂದೆಯೇ ಇರುತ್ತಾರೆ. ಹಾಗಿದ್ದ ಮೇಲೆ ಹುಡುಗಿಯರಿಗೆ ವಿಜ್ಞಾನ ಬರುವುದಿಲ್ಲ ಎಂದು ಹೇಗೆ ಹೇಳುವುದು? ನಾನು ಇತಿಹಾಸ ಕಲಿಸಿದವನು, ವಿಜ್ಞಾನದ ಒಳಗಿನದು ನೀವು ಹೇಳಬೇಕು.

ಹೈಸ್ಕೂಲ್ ವಿಜ್ಞಾನ, ಶಹಾಪುರ
ಜುಲೈ 5

ಮಾಸ್ತರ್, ಮೇಡಂ ಹಾಗೆ ಹೇಳಿಲ್ಲ. ವಿಜ್ಞಾನದ ಪಾಠ ಬರುವುದು ಒಂದು. ವಿಜ್ಞಾನ ಹೇಗೆ ನಡೆಯುತ್ತದೆ ಎಂದು ತಿಳಿಯುವುದು ಇನ್ನೊಂದು. "ಸೌರಮಂಡಲದಲ್ಲಿ ಎಷ್ಟು ಗ್ರಹಗಳಿವೆ" ಎಂದರೆ ಎಂಟು ಎಂದು ಬರೆದು ಒಂದು ಅಂಕ ತೆಗೆದುಕೊಳ್ಳಬಹುದು. "ಮೊದಲು ಒಂಬತ್ತು ಎನ್ನುತ್ತಿದ್ದರು, 2006ರಲ್ಲಿ ಪ್ಲೂಟೊವನ್ನು ಯಾಕೆ ಬಿಟ್ಟರು? ಹಾಗಾದರೆ ಮೊದಲು ಸುಳ್ಳು ಹೇಳಿದರಾ?" ಎಂದು ಕೇಳಿ ನೋಡಿ. ಆಗ ನೂರಕ್ಕೆ ತೊಂಬತ್ತು ತೆಗೆಯುವ ಮಗುವೂ ತಡವರಿಸುತ್ತದೆ. ಪರೀಕ್ಷೆ ಎರಡನೆಯದನ್ನು ಕೇಳುವುದೇ ಇಲ್ಲ. ಹುಡುಗಿಯರು ಮುಂದಿರುವುದು ಮೊದಲನೆಯದರಲ್ಲಿ. ಎರಡನೆಯದರಲ್ಲಿ ಹುಡುಗರೂ ಹಿಂದೆ, ಹುಡುಗಿಯರೂ ಹಿಂದೆ. ಆದರೆ ಹಿಂದೆ ಬೀಳುವ ದಾರಿ ಬೇರೆ ಬೇರೆ.

ಮೇಡಂ, ನಿಮ್ಮ ಮಕ್ಕಳ ವಯಸ್ಸು ಕೇಳಿ ನನಗೆ ಒಂದು ವಿಷಯ ನೆನಪಾಯಿತು. ಮಕ್ಕಳಿಗೆ "ವಿಜ್ಞಾನಿಯ ಚಿತ್ರ ಬರೆಯಿರಿ" ಎಂದು ಹೇಳುವ ಒಂದು ಪರೀಕ್ಷೆ ಇದೆ. ಚೇಂಬರ್ಸ್ ಎಂಬುವರು 1966ರಿಂದ 1977ರವರೆಗೆ 4807 ಮಕ್ಕಳಿಂದ ಬರೆಸಿದರು. ಹೆಚ್ಚಿನವರು ಕೆನಡಾ, ಅಮೆರಿಕದ ಮಕ್ಕಳು. ಫಲಿತಾಂಶ 1983ರಲ್ಲಿ ಬಂತು. ಹೆಣ್ಣು ವಿಜ್ಞಾನಿಯ ಚಿತ್ರ ಬರೀ 28. ಅಷ್ಟನ್ನೂ ಬರೆದವರು ಹುಡುಗಿಯರು. ಒಬ್ಬ ಹುಡುಗನೂ ಬರೆಯಲಿಲ್ಲ.

ಅದು ಹಳೆಯ ಮಾತು. 2018ರಲ್ಲಿ ಅಮೆರಿಕದ 78 ಅಧ್ಯಯನಗಳನ್ನು, 20 ಸಾವಿರಕ್ಕಿಂತ ಹೆಚ್ಚು ಮಕ್ಕಳ ಚಿತ್ರಗಳನ್ನು ಸೇರಿಸಿ ನೋಡಿದರು. ಪರಿಸ್ಥಿತಿ ಸುಧಾರಿಸಿದೆ. ಆರು ವರ್ಷದ ಹುಡುಗಿಯರು ಬರೆದ ಚಿತ್ರಗಳಲ್ಲಿ ಸುಮಾರು 70 ಶೇಕಡಾ ಹೆಣ್ಣು ವಿಜ್ಞಾನಿಗಳೇ. ಆದರೆ ಹತ್ತು ಹನ್ನೊಂದನೇ ವಯಸ್ಸಿಗೆ ಅದು ತಲೆಕೆಳಗಾಗುತ್ತದೆ. ಹದಿನಾರಕ್ಕೆ ಬರುವಷ್ಟರಲ್ಲಿ ಹುಡುಗಿಯರೇ ನಾಲ್ಕರಲ್ಲಿ ಮೂರು ಚಿತ್ರದಲ್ಲಿ ಗಂಡಸನ್ನು ಬರೆಯುತ್ತಾರೆ. ಹತ್ತು, ಹನ್ನೊಂದು. ಅಂದರೆ ನಿಮ್ಮ ಆರನೇ ಕ್ಲಾಸು. ಅದು ಬೇರೆ ದೇಶದ ಲೆಕ್ಕ, ನಮಗೆ ಹಾಗೇ ಹೊಂದುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಆ ವಯಸ್ಸಿನಲ್ಲಿ ನಮ್ಮ ಹುಡುಗಿಯರ ಮನೆಯಲ್ಲಿ ಏನು ಬದಲಾಗುತ್ತದೆ ಎಂದು ನಮಗೆಲ್ಲ ಗೊತ್ತು. ನೀರು ತರುವುದು, ತಮ್ಮನನ್ನು ನೋಡಿಕೊಳ್ಳುವುದು, ಹೊರಗೆ ಹೆಚ್ಚು ಓಡಾಡಬೇಡ ಎನ್ನುವುದು.

ತೊಗರಿ ಹೊಲ, ಆಳಂದ
ಜುಲೈ 5

ಅಕ್ಕೋರೆ, ನಾನು ಪಿಯುಸಿ ಓದಿ ಒಕ್ಕಲುತನಕ್ಕೆ ನಿಂತವನು. ನನ್ನ ಮಗಳು ಏಳನೇ ಕ್ಲಾಸು. ನಿಮ್ಮ ಡಬ್ಬಿಯ ಮಾತು ಓದಿ ನನ್ನ ಹೊಲದ ಒಂದು ಮಾತು ಹೇಳಬೇಕು ಅನಿಸಿತು.

ತೊಗರಿಗೆ ನೆಟೆ ರೋಗ ಬರುತ್ತದೆ. ನಿಂತ ಗಿಡ ನಿಂತ ಹಾಗೇ ಬಾಡಿ ಒಣಗುತ್ತದೆ. ನೋಡಿದರೆ ನೀರಿಲ್ಲದೆ ಒಣಗಿದ ಹಾಗೇ ಕಾಣುತ್ತದೆ. ನಮ್ಮ ಅಪ್ಪ ಹಾಗೇ ತಿಳಿದಿದ್ದರು. ಒಮ್ಮೆ ಮಗಳು ಹೊಲಕ್ಕೆ ಬಂದಾಗ "ಅಪ್ಪಾ, ಬುಡದಾಗ ಮಣ್ಣು ಹಸಿ ಅದಲ್ಲ, ನೀರು ಕಮ್ಮಿ ಆದ್ರ ಹೆಂಗ?" ಎಂದಳು. ಬಾಡಿದ ಗಿಡದ ಕಾಂಡ ಸೀಳಿ ತೋರಿಸಿದೆ. ತೊಗಟೆ ಕೆಳಗೆ ಕಂದು ಕಪ್ಪು ಗೆರೆ ಇರುತ್ತದೆ. ಮಣ್ಣಿನಲ್ಲಿರುವ ಒಂದು ಶಿಲೀಂಧ್ರ ಬೇರಿನಿಂದ ಒಳಗೆ ಹೊಕ್ಕು ನೀರು ಏರುವ ನಾಳವನ್ನೇ ಕಟ್ಟಿಬಿಡುತ್ತದೆ. ಬುಡದಲ್ಲಿ ನೀರಿದ್ದರೂ ಗಿಡಕ್ಕೆ ಸಿಗುವುದಿಲ್ಲ. ಆಕೆ ಅಲ್ಲಿಗೆ ಬಿಡಲಿಲ್ಲ. ಪಕ್ಕದ ಚೆನ್ನಾಗಿದ್ದ ಗಿಡವನ್ನೂ ಒಂದು ಕಿತ್ತು ಸೀಳಿದಳು. "ಇದರಾಗ ಗೆರಿ ಇಲ್ಲ ಅಂದ್ರ ಮಾತ್ರ ನೀ ಹೇಳೋದು ಖರೆ" ಎಂದಳು. ಒಳ್ಳೆ ಗಿಡ ಹೋಯಿತಲ್ಲ ಎಂದು ನಾನು ಬೈದೆ. ಈಗ ಅನಿಸುತ್ತದೆ, ಬೈಯಬಾರದಿತ್ತು. ಸರಿಯಾದ ಕೆಲಸ ಮಾಡಿದವಳು ಅವಳೇ.

ಹಳ್ಳಿ ಶಾಲೆ ಟೀಚರ್, ಚಿತ್ತಾಪುರ ತಾಲೂಕು
ಜುಲೈ 5

ಅಣ್ಣಾ, ನಿಮ್ಮ ಮಗಳು ಮಾಡಿದ್ದನ್ನು ನಾನು ಸೋಮವಾರವೇ ಕ್ಲಾಸಿನಲ್ಲಿ ಹೇಳುತ್ತೇನೆ. ರೋಗದ ಗಿಡ ಒಂದನ್ನೇ ನೋಡಿದರೆ ಸಾಲದು, ಚೆನ್ನಾಗಿರುವ ಗಿಡವನ್ನೂ ನೋಡಬೇಕು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಅದೇ ಅಲ್ವಾ ಪ್ರಯೋಗದ ಜೀವ? ಅವಳಿಗೆ ನನ್ನ ಕಡೆಯಿಂದ ಶಾಬಾಸ್ ಹೇಳಿ.

ಬೀದರ್ ತಾಯಿ
ಜುಲೈ 6

ಅಕ್ಕಾ, ನಾನು ಯಾವತ್ತೂ ಇಲ್ಲಿ ಬರೆದವಳಲ್ಲ. ಓದಿ ಎದೆಗೆ ನಾಟಿತು.

ನನ್ನ ಅಣ್ಣ ಬಿದರಿ ಕೆಲಸ ಮಾಡುತ್ತಾನೆ. ಸತು, ತಾಮ್ರ ಕೂಡಿಸಿ ಎರಕ ಹೊಯ್ದ ಪಾತ್ರೆಯಲ್ಲಿ ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣು, ನವಸಾಗರ ಎಂಬ ಉಪ್ಪು, ನೀರು ಕೂಡಿಸಿ ಹಚ್ಚುತ್ತಾರೆ. ಪಾತ್ರೆ ಕರ್ರಗಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಮಣ್ಣು ಸರಿ ಇದೆಯೋ ಇಲ್ಲವೋ ಎಂದು ನಾಲಿಗೆಗೆ ಹಚ್ಚಿ ರುಚಿ ನೋಡುತ್ತಾರೆ.

ಹೋದ ದೀಪಾವಳಿಗೆ ಹೋದಾಗ ನನ್ನ ಮಗಳು "ಮಾಮಾ, ಹೊಲದ ಮಣ್ಣು ಹಚ್ಚಿದರೆ ಆಗೋದಿಲ್ವಾ?" ಎಂದು ಕೇಳಿದಳು. "ದೊಡ್ಡವರ ಕೆಲಸದ ನಡುವೆ ಬಾಯಿ ಹಾಕಬೇಡ, ಸುಮ್ನೆ ಕೂಡು" ಎಂದೆ. ಸ್ವಲ್ಪ ಹೊತ್ತಿಗೆ ಅಣ್ಣನ ಮಗ ಬಂದು ಅದೇ ತರಹದ ಪ್ರಶ್ನೆ ಕೇಳಿದ. ಅವನಿಗೆ ಎಲ್ಲರೂ ನಗುತ್ತಾ ಉತ್ತರ ಕೊಟ್ಟರು, ಕೈಗೆ ಉಳಿಯನ್ನೂ ಕೊಟ್ಟರು. ಆಗ ನನಗೆ ಏನೂ ಅನಿಸಲಿಲ್ಲ. ನಿಮ್ಮ "ಡಬ್ಬಿ ಹುಡುಗರ ಕೈಯಲ್ಲಿ" ಎಂಬ ಮಾತು ಓದಿದ ಮೇಲೆ ರಾತ್ರಿಯೆಲ್ಲ ಅದೇ ನೆನಪು. ಮುಂದಿನ ಭಾನುವಾರ ಮಗಳನ್ನು ಕರೆದುಕೊಂಡು ಹೋಗುತ್ತೇನೆ. ಅಣ್ಣನಿಗೆ ಫೋನ್ ಮಾಡಿ ಹೇಳಿದ್ದೇನೆ, ಅವಳ ಕೈಯಲ್ಲೇ ಮಣ್ಣು ಹಚ್ಚಿಸು ಎಂದು. ಎರಡೂ ಮಣ್ಣು, ಬೇರೆ ಬೇರೆ ಚೂರಿಗೆ.

ಬಿಎಸ್ಸಿ ಕೊನೇ ವರ್ಷ, ಕಲಬುರಗಿ
ಜುಲೈ 6

ಟೀಚರ್, ನಾನೂ ನಿಮ್ಮ ಆ ರಬ್ಬರ್ ಹುಡುಗಿಯ ಹಾಗೇ ಇದ್ದವಳು. ಹೈಸ್ಕೂಲಿನಲ್ಲಿ ಒಂದು ಪ್ರಯೋಗದಲ್ಲಿ ನನಗೆ ಬಂದ ಸಂಖ್ಯೆ ಪುಸ್ತಕದ್ದಕ್ಕಿಂತ ಬೇರೆ ಇತ್ತು. ಯಾಕೆ ಬೇರೆ ಬಂತು ಎಂದು ಕೇಳಿದೆ. "ಪುಸ್ತಕದ್ದೇ ಬರಿ, ಅಂಕ ಹೋಗುತ್ತದೆ" ಎಂದರು. ಬರೆದೆ. ಪೂರ್ತಿ ಅಂಕ ಬಂತು. ಕಾಲೇಜಿಗೆ ಬಂದ ಮೇಲೆ ರಸಾಯನಶಾಸ್ತ್ರ ಲ್ಯಾಬಿನಲ್ಲಿ ಟೈಟ್ರೇಶನ್ (ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿ ಹನಿಯಾಗಿ ಹಾಕಿ ಅಳೆಯುವುದು) ಮಾಡುವಾಗ ಕೈ ನಡುಗುತ್ತಿತ್ತು. ತಪ್ಪಾದರೆ ಏನು ಎಂಬ ಭಯ. ನನ್ನ ಜೊತೆಗಿದ್ದ ಹುಡುಗನ ರೀಡಿಂಗ್ ನನಗಿಂತ ಕೆಟ್ಟದಿತ್ತು, ಅವನಿಗೆ ಏನೂ ಅನಿಸುತ್ತಿರಲಿಲ್ಲ. ಮತ್ತೆ ಮಾಡುತ್ತಿದ್ದ. ಮೂರು ಸಲ ಮಾಡಿ ಸರಾಸರಿ ತೆಗೆಯುವುದೇ ಪದ್ಧತಿ ಎಂದು ನನಗೆ ಮನಸ್ಸಿಗೆ ಇಳಿಯಲು ಒಂದು ವರ್ಷ ಹಿಡಿಯಿತು. ಓದಿದ್ದೆ, ನಂಬಿರಲಿಲ್ಲ.

ಕಮಲಾ ಸೊಹೊನಿ ಅವರ ಕಥೆ ನನಗೆ ಮೊದಲೇ ಗೊತ್ತಿದ್ದರೆ ಚೆನ್ನಾಗಿರುತ್ತಿತ್ತು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ ಹೆಣ್ಣು ಎಂಬ ಕಾರಣಕ್ಕೆ ಸಿ.ವಿ. ರಾಮನ್ ಬೇಡ ಎಂದರು. ಆಕೆ ಬಿಡಲಿಲ್ಲ. ಕೊನೆಗೆ ಒಂದು ವರ್ಷ ನೋಡೋಣ ಎಂಬ ಷರತ್ತಿನ ಮೇಲೆ ಸೇರಿಸಿಕೊಂಡರು. 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್‌ಡಿ ಪಡೆದರು, ವಿಜ್ಞಾನದಲ್ಲಿ ಆ ಪದವಿ ಪಡೆದ ಮೊದಲ ಭಾರತೀಯ ಮಹಿಳೆಯರಲ್ಲಿ ಒಬ್ಬರು. ರಾಮನ್ ಅವರಂಥ ದೊಡ್ಡ ವಿಜ್ಞಾನಿಯೂ ಈ ವಿಷಯದಲ್ಲಿ ತಪ್ಪು ಊಹೆ ಮಾಡಿದ್ದರು, ಆಕೆಯ ಕೆಲಸ ಅದನ್ನು ಸುಳ್ಳು ಮಾಡಿತು. ಇದನ್ನೂ ಮಕ್ಕಳಿಗೆ ಹೇಳಬೇಕು.

ಇನ್ನೊಂದು ಮಾತು. ನಮ್ಮ ಅವ್ವ ಶಾಲೆಗೆ ಹೋದವಳಲ್ಲ. ಆದರೆ ಜೋಳದ ಹಿಟ್ಟಿಗೆ ಎಸರು ಎಷ್ಟು ಕಾಯಬೇಕು, ಹೊಸ ಜೋಳಕ್ಕೆ ಎಷ್ಟು, ಹಳೆಯದಕ್ಕೆ ಎಷ್ಟು ಎಂದು ಕೈ ಮುಟ್ಟಿ ಹೇಳುತ್ತಾಳೆ. ಜೋಳದಲ್ಲಿ ಗೋಧಿಯ ಹಾಗೆ ಅಂಟು ಇಲ್ಲ. ಬಿಸಿನೀರಿಗೆ ಪಿಷ್ಟ ಬೆಂದು ಅಂಟಾದರೆ ಮಾತ್ರ ರೊಟ್ಟಿ ಬಡಿಯಲು ಬರುತ್ತದೆ. ಒಂದು ರೊಟ್ಟಿ ಹರಿದರೆ ಅವ್ವ ಅಳುವುದಿಲ್ಲ. ನೀರು ಬದಲಿಸುತ್ತಾಳೆ, ಇನ್ನೊಂದು ಬಡಿಯುತ್ತಾಳೆ. ಅದನ್ನು ವಿಜ್ಞಾನ ಎಂದು ನಾವು ಕರೆದಿದ್ದರೆ ನನಗೆ ಲ್ಯಾಬಿನಲ್ಲಿ ಕೈ ನಡುಗುತ್ತಿರಲಿಲ್ಲವೇನೋ.

ಎರಡು ಮಕ್ಕಳ ಅಮ್ಮ, ಸುರಪುರ
ಜುಲೈ 7

ರೊಟ್ಟಿಯ ಮಾತು ಬಹಳ ಚಂದ ಇದೆ ತಂಗಿ. ಆದರೆ ಸ್ವಲ್ಪ ಹುಷಾರು. ಹುಡುಗಿಯರಿಗೆ ಅಡುಗೆಮನೆ ವಿಜ್ಞಾನ, ಹುಡುಗರಿಗೆ ಮೋಟಾರು, ಬ್ಯಾಟರಿ ಎಂದು ಆಗಬಾರದು. ರೊಟ್ಟಿಯ ಪಾಠ ಮಾಡುವ ದಿನ ಹುಡುಗರ ಕೈಗೂ ಹಿಟ್ಟು ಕೊಡಿ. ಬ್ಯಾಟರಿಯ ದಿನ ತಂತಿ ಹುಡುಗಿಯರ ಕೈಯಲ್ಲಿ ಇರಲಿ.

ಬಿಎಸ್ಸಿ ಕೊನೇ ವರ್ಷ, ಕಲಬುರಗಿ
ಜುಲೈ 7

ಖಂಡಿತ ಅಕ್ಕ. ಒಪ್ಪಿದೆ.

ಹೈಸ್ಕೂಲ್ ವಿಜ್ಞಾನ, ಶಹಾಪುರ
ಜುಲೈ 8

ನಾನು ಮಾಡಿದ್ದು ಹೇಳುತ್ತೇನೆ. ನಮ್ಮಲ್ಲಿ ಕಿಟ್ ಕಡಿಮೆ, ಒಂದು ಗುಂಪಿಗೆ ಎಂಟು ಮಕ್ಕಳು. ಮೊದಲು ಮೊದಲು ಗಟ್ಟಿ ಕೈಯವನಿಗೇ ಪ್ರನಾಳ. ಈಗ ಚೀಟಿ ಎತ್ತಿಸುತ್ತೇನೆ. "ಹಿಡಿಯುವವರು", "ಬರೆಯುವವರು", "ಅಳೆಯುವವರು", "ಸಂಶಯ ಪಡುವವರು". ಪ್ರತಿ ವಾರ ಚೀಟಿ ಬದಲು. ಸಂಶಯ ಪಡುವವರ ಕೆಲಸ ಒಂದೇ, "ಬೇರೆ ಕಾರಣ ಇರಬಹುದಲ್ವಾ?" ಎಂದು ಕೇಳುವುದು. ಮಾತೇ ಆಡದ ಹುಡುಗಿಯರಿಗೆ ಈ ಚೀಟಿ ಬಂದಾಗ ಬಾಯಿ ಬಿಡುತ್ತಾರೆ. ಪ್ರಶ್ನೆ ಕೇಳುವುದು ಉದ್ಧಟತನ ಅಲ್ಲ, ಅವತ್ತಿನ ಕೆಲಸ ಎಂದು ಅವರಿಗೆ ಧೈರ್ಯ ಬರುತ್ತದೆ.

ಮಾತಿನ ವಿಷಯವೂ ಇದೆ. 2019ರಲ್ಲಿ ಪ್ರಕಟವಾದ ಒಂದು ಅಮೆರಿಕದ ಅಧ್ಯಯನದಲ್ಲಿ ಪುಟ್ಟ ಮಕ್ಕಳಿಗೆ ಒಂದು ಗುಂಪಿಗೆ "ಇವತ್ತು ವಿಜ್ಞಾನಿಗಳಾಗೋಣ" ಎಂದರು, ಇನ್ನೊಂದಕ್ಕೆ "ಇವತ್ತು ವಿಜ್ಞಾನ ಮಾಡೋಣ" ಎಂದರು. ಆಮೇಲೆ ಕೊಟ್ಟ ಆಟದಲ್ಲಿ "ಮಾಡೋಣ" ಕೇಳಿದ ಹುಡುಗಿಯರು ಹೆಚ್ಚು ಹೊತ್ತು ನಿಂತರು. ವಿಜ್ಞಾನಿ ಎಂದರೆ ಯಾರೋ ಬೇರೆಯವರು ಎಂದು ಒಳಗೆ ಇದ್ದರೆ "ಆಗು" ಎನ್ನುವುದು ಭಾರ. "ಮಾಡು" ಎಂದರೆ ಯಾರೂ ಮಾಡಬಹುದು.

ನಮ್ಮ ಕನ್ನಡದಲ್ಲಿ ಇದು ಇನ್ನೂ ಜಾಸ್ತಿ. ವಿಜ್ಞಾನಿ ಎಂಬ ಪದ ಹೆಣ್ಣಿಗೂ ಗಂಡಿಗೂ ಒಂದೇ. ಆದರೆ ಕ್ರಿಯಾಪದ ಬಂದ ಕೂಡಲೇ ಗುಟ್ಟು ರಟ್ಟಾಗುತ್ತದೆ. "ವಿಜ್ಞಾನಿಯು ಪ್ರಯೋಗ ಮಾಡಿದನು." ನಾನೂ ವರ್ಷಗಟ್ಟಲೆ "ಮಾಡಿದನು" ಎಂದೇ ಹೇಳಿದ್ದೇನೆ. ಈಗ "ಮಾಡಿದರು" ಎನ್ನುತ್ತೇನೆ. ಬೋರ್ಡಿನ ಮೇಲೆ ಒಂದೆರಡು ಸಲ ಬೇಕೆಂದೇ "ಮಾಡಿದಳು" ಎಂದೂ ಬರೆಯುತ್ತೇನೆ. ಮೊದಲ ದಿನ ಇಡೀ ಕ್ಲಾಸು ತಲೆ ಎತ್ತಿ ನೋಡಿತು.

ನಿವೃತ್ತ ಮಾಸ್ತರ್, ಯಾದಗಿರಿ
ಜುಲೈ 8

ಈಗ ನನಗೆ ಮಾತು ತಿಳಿಯಿತು. ಅಂಕದ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ತಂಗೀ, ನಿಮ್ಮದು ಚಿತ್ತಾಪುರ ತಾಲೂಕು ಎಂದಿರಿ. ಸನ್ನತಿ ನಿಮ್ಮ ಪಕ್ಕದಲ್ಲೇ ಇದೆ. ಮಕ್ಕಳನ್ನು ಕರೆದುಕೊಂಡು ಹೋಗಿ. 1986ರಲ್ಲಿ ಅಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿ ಕುಸಿಯಿತು. ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಅಷ್ಟು ವರ್ಷ ಎಲ್ಲರೂ ಅದರ ಮುಂದೆ ಕೈ ಮುಗಿದಿದ್ದರು, ಕಲ್ಲಿನ ಮೇಲಿನ ಬರಹ ಯಾರಿಗೂ ಕಂಡಿರಲಿಲ್ಲ. ಆಮೇಲೆ ಹತ್ತಿರದ ಕನಗನಹಳ್ಳಿಯಲ್ಲಿ ಅಗೆದಾಗ ರಾಜನ ಶಿಲ್ಪದ ಮೇಲೆ "ರಾಯೋ ಅಸೋಕೋ" ಎಂದು ಬರೆದದ್ದೇ ಸಿಕ್ಕಿತು. ಅಶೋಕನ ಹೆಸರು ಹೊತ್ತ ಚಿತ್ರ. ಇತಿಹಾಸದಲ್ಲೂ ನಾವು ಮುಚ್ಚಿದ ಡಬ್ಬಿ ಹಿಡಿದೇ ಕೂತಿರುತ್ತೇವೆ. ಹೊಸ ಕಲ್ಲು ಸಿಕ್ಕರೆ ಹಳೆಯ ಪಾಠ ತಿದ್ದುತ್ತೇವೆ. ನಾನು ಮೂವತ್ತು ವರ್ಷ ಕಲಿಸಿದೆ, ಈ ಮಾತನ್ನು ಮಕ್ಕಳಿಗೆ ಹೇಳಲಿಲ್ಲ. ಬರೀ ಇಸವಿ ಬಾಯಿಪಾಠ ಮಾಡಿಸಿದೆ.

ಬೀದರ್ ತಾಯಿ
ಜುಲೈ 14

ಹೋಗಿ ಬಂದೆವು. ಮಗಳು ಎರಡೂ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿದಳು. ಅವಳೇ ಹಚ್ಚಿದಳು, ಅವಳೇ ತೊಳೆದಳು. ಅಣ್ಣ ಪಕ್ಕದಲ್ಲಿ ಸುಮ್ಮನೆ ನಿಂತಿದ್ದ. ಕೋಟೆಯ ಮಣ್ಣಿನ ಚೂರು ಕರ್ರಗಾಯಿತು, ಇನ್ನೊಂದು ಅಷ್ಟು ಆಗಲಿಲ್ಲ. ಈಗ ಮಳೆ ಬಿಸಿಲು ಬೀಳದ ಜಾಗದ ಮಣ್ಣೇ ಯಾಕೆ ಬೇಕು ಎಂದು ಕೇಳುತ್ತಿದ್ದಾಳೆ. ಅಣ್ಣನ ಮಗನೂ ಜೊತೆಗೆ ಕೂತು ಬರೆದುಕೊಳ್ಳುತ್ತಿದ್ದ.

ಹಳ್ಳಿ ಶಾಲೆ ಟೀಚರ್, ಚಿತ್ತಾಪುರ ತಾಲೂಕು
ಜುಲೈ 25

ಮೂರು ವಾರ ಬರೆಯಲಾಗಲಿಲ್ಲ, ಕ್ಷಮಿಸಿ. ನಿಮ್ಮೆಲ್ಲರ ಮಾತು ಹಿಡಿದು ಎರಡು ಬದಲಾವಣೆ ಮಾಡಿದೆ. ಶಹಾಪುರ ಸರ್ ಹೇಳಿದ ಚೀಟಿ ಶುರು ಮಾಡಿದೆ. ವಿಜ್ಞಾನದ ನೋಟ್‌ಬುಕ್ಕಿಗೆ ರಬ್ಬರ್ ಬೇಡ ಎಂದೆ. ತಪ್ಪು ಅನಿಸಿದರೆ ಒಂದೇ ಗೆರೆ ಹೊಡೆಯಬೇಕು, ಪಕ್ಕದಲ್ಲಿ ತಾರೀಖು ಹಾಕಿ ಯಾಕೆ ಬದಲಿಸಿದೆ ಎಂದು ಬರೆಯಬೇಕು. ಗೆರೆ ಹೊಡೆದ ಸಾಲಿಗೂ ನಾನು "ಗುಡ್" ಹಾಕುತ್ತೇನೆ. ಮೊದಲ ವಾರ ಹುಡುಗಿಯರು ಬಹಳ ಕಷ್ಟಪಟ್ಟರು. ಒಬ್ಬಳು ಕಂಪಾಸಿನಲ್ಲಿ ರಬ್ಬರಿನ ಚೂರು ಬಚ್ಚಿಟ್ಟುಕೊಂಡು ಬಂದಿದ್ದಳು. ಹುಡುಗರಿಗೆ "ಯಾಕೆ" ಎಂದು ಬರೆಯುವುದೇ ಕಷ್ಟ. ಅವರ ಜೊತೆ ಇನ್ನೂ ಬಹಳ ಕೆಲಸ ಇದೆ.

ಐದು ಡಬ್ಬಿಗಳನ್ನು ತೆರೆಯದೆ ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದೆ. ಇವತ್ತು ಬೆಳಗ್ಗೆ ಮೂರನೇ ಡಬ್ಬಿಗೆ ಇರುವೆ ಸಾಲು ಹತ್ತಿತ್ತು. ಆ ಗುಂಪು "ಕಲ್ಲು" ಎಂದು ಬರೆದಿತ್ತು. ಭಾರ ಇದೆ, ಗಡಗಡ ಸದ್ದು ಬರುತ್ತದೆ, ಅಯಸ್ಕಾಂತಕ್ಕೆ ಅಂಟುವುದಿಲ್ಲ, ಅದಕ್ಕೆ. ನನ್ನ ರಬ್ಬರ್ ಹುಡುಗಿ ಮೊದಲು ನೋಡಿದಳು. ಯಾರನ್ನೂ ಕರೆಯದೆ ಸ್ವಲ್ಪ ಹೊತ್ತು ನೋಡುತ್ತಾ ನಿಂತಳು. ನಂತರ ನೋಟ್‌ಬುಕ್ ತೆಗೆದು "ಕಲ್ಲು" ಎಂಬುದರ ಮೇಲೆ ಗೆರೆ ಹೊಡೆದು "ಬೆಲ್ಲ ಇರಬೇಕು, ಇರುವೆ ಬಂದಾವ" ಎಂದು ಬರೆದಳು.

ಇವತ್ತು ಸಂಶಯದ ಚೀಟಿ ಬಂದಿದ್ದ ಹುಡುಗ ಬಿಡಲಿಲ್ಲ. "ಸ್ವೀಟ್ ಅಂಗಡಿ ಡಬ್ಬಿ ಅದ, ಡಬ್ಬಿಗೇ ಇರುವೆ ಬಂದಿರ್ತಾವ" ಎಂದ. ಒಳ್ಳೆಯ ಪ್ರಶ್ನೆ. ಅವಳು ಒಂದು ಗಳಿಗೆ ಯೋಚಿಸಿ "ಐದೂ ಅದೇ ಅಂಗಡಿ ಡಬ್ಬಿ. ಉಳಿದ ನಾಲ್ಕಕ್ಕ ಯಾಕ ಬರ್ಲಿಲ್ಲ?" ಎಂದಳು. ಅವನು ತಲೆ ಕೆರೆದುಕೊಂಡು "ಅವು ನಾಳೆ ಬರಬಹುದು" ಎಂದ. ಇಡೀ ಕ್ಲಾಸು ಎರಡು ಪಾರ್ಟಿ ಆಯಿತು. ನಾನು ಬಾಯಿ ಬಿಡಲಿಲ್ಲ. ಬಹಳ ಕಷ್ಟವಾಯಿತು, ಆದರೂ ಬಿಡಲಿಲ್ಲ.

ಸಂಜೆ ಬೆಲ್ ಆದ ಮೇಲೆ ಅವಳು ಹತ್ತಿರ ಬಂದಳು. ಡಬ್ಬಿ ತೆಗೀರಿ ಎನ್ನುತ್ತಾಳೆ ಎಂದುಕೊಂಡೆ. "ಟೀಚರ್, ಮೂರು ಹೊಸ ಡಬ್ಬಿ ಕೊಡ್ತೀರೇನ್ರಿ? ಒಂದರಾಗ ಬೆಲ್ಲ, ಒಂದರಾಗ ಕಲ್ಲು, ಒಂದು ಖಾಲಿ ಇಟ್ಟು ನೋಡ್ತೀವ್ರಿ" ಎಂದಳು.

ನಾಳೆ ಶನಿವಾರ, ಬೆಳಗಿನ ಶಾಲೆ. ಮೂರು ಡಬ್ಬಿ ಈಗಲೇ ಬ್ಯಾಗಿಗೆ ಹಾಕಿಟ್ಟಿದ್ದೇನೆ.